ಅಟ್ಟ ಹತ್ತಿದ ಅಣ್ಣಾಸಾಹೇಬರು
ಸ್ಯಾಂಟಾ ಕ್ಲಾರಿಟಾದಲ್ಲಿ ಹೊಸ ಮನೆ ಕೊಂಡಂದಿನಿಂದ ಎಂಜಿನಿಯರ್ ಅಣ್ಣಾಸಾಹೇಬರಿಗೆ ಅಟ್ಟದ್ದೇ ಧ್ಯಾನ. ಬಂದವರಿಗೆ ಚಹಾ ಕೊಡುವ ಮೊದಲು ಅಟ್ಟ ತೋರಿಸುತ್ತಾರೆ. ನಾಲ್ಕು ವಿಡಿಯೋ ನೋಡಿದ್ದೇ ತಡ, ಚಳಿ ತಡೆಯುವ ಗಾಜಿನೆಳೆಯ ಇನ್ಸುಲೇಷನ್ ಹಾಸುವುದಕ್ಕೆ ತಾವೇ ಮೇಸ್ತ್ರಿ, ತಾವೇ ಕೂಲಿ. "ಥಂಡಿ ಬರೂದ್ರಾಗ ಅವ್ವನ ಖೋಲಿ ಬೆಚ್ಚಗಾಗಬೇಕು" ಎಂಬುದೊಂದೇ ಜಪ. ಅವ್ವ ಗುರುಬಸವ್ವ ಮಾತ್ರ "ಎರಡು ಕೌದಿ ಸಾಕಾಗಿತ್ತಲ್ಲೋ ಎಪ್ಪಾ" ಎನ್ನುತ್ತಾರೆ. ಅಣ್ಣಾಸಾಹೇಬರು ಮಾಸ್ಕು, ಗ್ಲೌಸು, ದೊಡ್ಡ ಕನ್ನಡಕ ತೊಟ್ಟು, ಚಂದ್ರಲೋಕಕ್ಕೆ ಹೊರಟವರಂತೆ ಕೈಬೀಸಿ ಮೇಲೇರುತ್ತಾರೆ. ಅಷ್ಟಾದರೂ ಅರ್ಧ ಅಟ್ಟ ಮುಗಿಯುವಷ್ಟರಲ್ಲಿ ಗಾಜಿನೆಳೆಗಳು ಚುಚ್ಚಿ, ತುರಿಸಿ ತುರಿಸಿ ತೋಳೆಲ್ಲ ಕೆಂಡವಾಗಿತ್ತು. ಕೊಬ್ಬರಿ ಎಣ್ಣೆ ಸವರುತ್ತ ಹೆಂಡತಿ ಸೌಜನ್ಯಾ ಹೇಳಿದರು: "ಉಳಿದದ್ದಕ್ಕ ಆ ಹಾರ್ಡ್‌ವೇರ್ ಅಂಗಡಿ ಮುಂದ ಕೆಲಸಕ್ಕಂತ ನಿಂತಿರೋ ಕೂಲಿಯವ್ರನ್ನ ಕರ್ಕೊಂಡು ಬರ್ರಿ. ಅವ್ರಿಗೆ ರೂಢಿ ಇರ್ತದ." ಹೋದ ತಿಂಗಳು ಗರಾಜಿಗೆ ಇದನ್ನೇ ಹಾಸಲು ಬಂದಿದ್ದ ಮುದುಕ ಅರ್ಧತೋಳಿನ ಅಂಗಿಯಲ್ಲಿ, ಮಾಸ್ಕಿಲ್ಲದೆ ದಿನವಿಡೀ ದುಡಿದಿದ್ದ. ಒಂದು ಮಾಸ್ಕು ಕೊಡಬೇಕೆಂದು ಈ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಂದು ಇದೇ ರೂಢಿಯ ಮಾತನ್ನು ಆಡಿದವರು ಸ್ವತಃ ಅಣ್ಣಾಸಾಹೇಬರು. ಈಗ ಅವರು ತಮ್ಮ ತೋಳನ್ನೇ ತಿರುಗಿಸಿ ನೋಡಿಕೊಂಡರು. "ಇದು ಯಾರ ಚರ್ಮಕ್ಕೂ ರೂಢಿ ಆಗೂದಿಲ್ಲ, ಸೌಜನ್ಯಾ" ಎಂದು ಎದ್ದು, ಉಳಿದರ್ಧಕ್ಕೆ ತಾವೇ ಹೊರಟರು.