ಹವಾಲ್ದಾರ್ ಬಖೀತ್ ಎತ್ತಿಟ್ಟ ರೊಟ್ಟಿ

ನೈಲ್ ದಡದ ನಮ್ಮೂರ ಠಾಣೆಯಲ್ಲಿ ಹವಾಲ್ದಾರನಾಗಿದ್ದಷ್ಟು ಕಾಲ ಬಖೀತ್ ಯಾರಿಗೂ ಎದುರು ಮಾತಾಡಿದವನಲ್ಲ. ಕೆಲಸದಿಂದ ತೆಗೆದ ಮೇಲೆ ಠಾಣೆಯ ದೊಡ್ಡ ಸಾಹೇಬ ವಜ್ದಿಯ ಮೇಲೇ ದೂರು ಬರೆದುಕೊಟ್ಟ. ಚಹಾದಂಗಡಿಯವರಿಗೆ ನಗು ತಡೆಯಲಾಗಲಿಲ್ಲ.

"ಏನ್ ಬಖೀತ್ ಮಾವ, ಹಲ್ಲು ಬಿದ್ಮೇಲೆ ಕಡ್ಲೆ ತಿನ್ನೋಕೆ ಹೊರಟ್ಯಾ?"

ನಕ್ಕವರಿಗೇನು, ಜೈಲಿನಲ್ಲಿದ್ದದ್ದು ದೌಲತ್ ಎಂಬ ಬಡವಿ. ಲಾಕಪ್ಪಿನಲ್ಲಿದ್ದ ಮಗನಿಗೆಂದು ಬಿಸಿಲಲ್ಲಿ ಉಬ್ಬಿಸಿ ಸುಟ್ಟ ದಪ್ಪ ರೊಟ್ಟಿ ತಂದಿದ್ದಳು. ಮಗನ ಮೈಮೇಲಿನ ಬಾಸುಂಡೆ ಕಂಡು ವಜ್ದಿಗೆ ಬಾಯಿಗೆ ಬಂದಂತೆ ಬೈದಳು. ಆ ಗಲಾಟೆಯಲ್ಲಿ ರೊಟ್ಟಿ ನೆಲಕ್ಕೆ ಬಿದ್ದು ಎರಡು ಹೋಳಾಯಿತು. ಬಖೀತ್ ಹೋಳುಗಳನ್ನು ಎತ್ತಿ, ಮುತ್ತಿಟ್ಟು, ಹಣೆಗೆ ಒತ್ತಿಕೊಂಡು, ಕಿಟಕಿಯ ಮೇಲಿಟ್ಟ. ಬಿದ್ದ ಅನ್ನವನ್ನು ನೆಲದ ಮೇಲೆ ಬಿಡುವವರು ನಮ್ಮಲ್ಲಿಲ್ಲ.

ಸಂಜೆ ಹೊತ್ತಿಗೆ ಅದೇ ರೊಟ್ಟಿ ಬಟ್ಟೆಯಲ್ಲಿ ಸುತ್ತಿ, ಕೆಂಪು ಅರಗಿನ ಮುದ್ರೆ ಹಾಕಿದ ಸಾಕ್ಷ್ಯವಾಗಿತ್ತು. ಅದರೊಳಗೆ ಗಾಂಜಾ ಸಿಕ್ಕಿತಂತೆ! ಒಳಗೆ ಏನೂ ಇರಲಿಲ್ಲ ಎಂದು ಬಖೀತ್ ಹೇಳಿದ. ಸಾಕ್ಷ್ಯ ಕೆಡಿಸಿದವನೆಂದು ಅವನನ್ನೇ ಮನೆಗೆ ಕಳಿಸಿದರು. ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ.

ಅವನ ದೂರಿನ ವಿಚಾರಣೆಯ ದಿನ ಹೆಂಡತಿ ಸಬಾಹ್ ಬಾಗಿಲಿಗೆ ಅಡ್ಡ ನಿಂತಳು.

"ಮುಟ್ಲಿಲ್ಲ ಅಂದ್ಬಿಡಿ. ಮುಟ್ದೆ ಅಂದ್ರೆ ಗಾಂಜಾ ನೀವೇ ಇಟ್ರಿ ಅಂತಾರೆ."

"ಮುಟ್ಲಿಲ್ಲ ಅಂದ್ರೆ ಒಳಗೇನಿತ್ತು ಅಂತ ನಂಗೆ ಹೆಂಗೆ ಗೊತ್ತಾಗ್ತದೆ? ಯಾರು ನಂಬ್ತಾರೆ?"

ಸಬಾಹ್ ದಾರಿ ಬಿಟ್ಟಳು. ಅವಳ ಕಣ್ಣು ನೋಡುವ ಧೈರ್ಯ ಅವನಿಗಾಗಲಿಲ್ಲ.

ವಿಚಾರಣಾಧಿಕಾರಿ ನೇರವಾಗಿ ಕೇಳಿದ. "ಮುದ್ರೆ ಹಾಕೋ ಮೊದ್ಲು ಸಾಕ್ಷ್ಯ ಮುಟ್ಬಾರ್ದು ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು ಸಾಹೇಬ್ರೆ. ಆಗಿನ್ನೂ ಅದು ಸಾಕ್ಷ್ಯ ಆಗಿರ್ಲಿಲ್ಲ, ತಾಯಿ ಮಗನಿಗೆ ತಂದ ರೊಟ್ಟಿ. ಎರಡು ಹೋಳನ್ನೂ ಕೈಯಾರೆ ಎತ್ತಿ ಮುತ್ತಿಟ್ಟೆ. ಒಳಗೆ ಬರೀ ರೊಟ್ಟಿನೇ ಇತ್ತು."

"ವಜ್ದಿ ಸಾಹೇಬ್ರು ಇಡೀ ರೊಟ್ಟೀನ ನಾನೇ ಮುರಿದು ಗಾಂಜಾ ತೆಗೆದೆ ಅಂತ ಬರ್ದಿದಾರೆ."

"ಅವರು ಮುರೀಲಿಲ್ಲ. ಬಿದ್ದಿದ್ದನ್ನ ಬೂಟಿಂದ ಪಕ್ಕಕ್ಕೆ ತಳ್ಳಿದ್ರು."

ಬರೆಯುತ್ತಿದ್ದ ಗುಮಾಸ್ತ ತಲೆಯೆತ್ತಿ, "ಅಸ್ತಗ್‌ಫಿರುಲ್ಲಾ, ದೇವರೇ ಕ್ಷಮಿಸಪ್ಪಾ" ಎಂದು ಗೊಣಗಿದ. ಅಧಿಕಾರಿ ಹೇಳಿಕೆಯನ್ನು ಬಖೀತನ ಮುಂದೆ ತಳ್ಳಿದ.

"ಇದ್ರಿಂದ ಆ ಹೆಂಗಸು ಹೊರಗೆ ಬರಬಹುದು. ನೀನು ಒಳಗೆ ಹೋಗಬಹುದು. ಯೋಚ್ನೆ ಮಾಡಿ ಸಹಿ ಹಾಕು."

ಬಖೀತ್ ಲೇಖನಿ ಎತ್ತಿಕೊಂಡ. ತನ್ನ ಹೆಸರು ಬರೆದು, ಅದರ ಪಕ್ಕ ಅಪ್ಪನ ಹೆಸರು, ಅಜ್ಜನ ಹೆಸರು, ಒಂದಕ್ಷರವೂ ಬಿಡದೆ ಬರೆದ.