ಬೀಳುವ ಹಲ್ಲಿಗೆ ರೂಟ್ ಕೆನಾಲ್

ಮೊಮ್ಮಗಳ ದವಡೆಯ ಹಾಲುಹಲ್ಲು ಬೇರಿನವರೆಗೆ ಹುಳುಕಾದಾಗ ಅವಳಿಗೆ ಐದು ವರ್ಷ. ಮಣ್ಣಗುಡ್ಡದ ನಮ್ಮ ಮನೆಯಿಂದ ಉರ್ವದ ದಂತವೈದ್ಯೆಯ ಬಳಿಗೆ ಅವಳನ್ನು ಕರೆದುಕೊಂಡು ಹೋದವನು ನಾನೇ. ಆಕೆ ಎಕ್ಸ್‌ರೇ ತೋರಿಸಿದರು. ಒಳಗಿರುವ ಶಾಶ್ವತ ಹಲ್ಲು ಮೇಲೆ ಬರಲು ವರ್ಷಗಳೇ ಬೇಕು. ಅಲ್ಲಿಯವರೆಗೆ ಅದರ ಜಾಗ ಕಾಯುವುದು ಈ ಹಾಲುಹಲ್ಲೇ. ಕಿತ್ತರೆ ಪಕ್ಕದ್ದು ವಾಲುತ್ತದೆ. ರೂಟ್ ಕೆನಾಲ್ ಮಾಡಿ ಉಳಿಸೋಣ ಎಂದರು. ಒಪ್ಪಿದೆ.

ನಾನು ಶಾಲೆಯಲ್ಲಿ ವ್ಯಾಯಾಮ ಕಲಿಸಿದವನು. ಯಾವ ಕೆಲಸಕ್ಕೂ ಒಂದು ಸನ್ನೆ ಇರಬೇಕು. "ನೋವಾದ್ರೆ ಎಡಗೈ ಎತ್ತು, ಡಾಕ್ಟ್ರು ನಿಲ್ಲಿಸ್ತಾರೆ" ಎಂದು ಮನೆಯಲ್ಲೇ ಅಭ್ಯಾಸ ಮಾಡಿಸಿದೆ. ಮೊದಲ ದಿನ ಅವಳು ಮತ್ತೆ ಮತ್ತೆ ಕೈ ಎತ್ತಿದಳು, ಕೆಲವು ಸಲ ಬರೀ ಪರೀಕ್ಷೆ ಮಾಡಲು. ವೈದ್ಯೆ ಪ್ರತಿ ಸಲ ನಿಲ್ಲಿಸಿದರು. ಬೇರಿನೊಳಗೆ ಮದ್ದಿಟ್ಟು ಮುಚ್ಚಿ, ಇನ್ನೊಂದು ಸಲ ಬಂದರೆ ಮುಗಿಯುತ್ತದೆ ಎಂದರು.

ಅಷ್ಟರಲ್ಲಿ ಅವಳ ಅಪ್ಪ, ನನ್ನ ಮಗ, ದುಬೈಯಿಂದ ರಜೆಗೆ ಬಂದ.

"ಬೀಳುವ ಹಲ್ಲಿಗೆ ರೂಟ್ ಕೆನಾಲಾ? ಎಂತ ಮರ್ಲು ಅಪ್ಪ ಇದು?"

"ಬೀಳ್ಲಿಕ್ಕೆ ಇನ್ನೂ ಐದಾರು ವರ್ಷ ಉಂಟು."

"ನಮ್ಮದೆಲ್ಲ ನೂಲು ಕಟ್ಟಿ ಎಳೆದದ್ದಲ್ವಾ? ಎಂತ ಆಯ್ತು ಈಗ?"

"ನಿನ್ನದು ಅಲ್ಲಾಡ್ತಿತ್ತು. ಇವಳದ್ದು ಗಟ್ಟಿ ಉಂಟು."

"ಆಯ್ತು ಮಾರಾಯ್ರೆ, ಹಲ್ಲಿಗೂ ನೀವೇ ಹೆಡ್‌ಮಾಸ್ಟ್ರು" ಎಂದು ನಕ್ಕ. ಸೊಸೆಯೂ ನಕ್ಕಳು. ಮಾತು ಅಲ್ಲಿಗೆ ಮುಗಿಯಿತೆಂದು ತಿಳಿದೆ.

ಆ ವಾರವೇ, ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಮಗ ಅವಳನ್ನು ಬೇರೆ ಕಡೆಗೆ ಕರೆದೊಯ್ದು ಹಲ್ಲು ಕೀಳಿಸಿಕೊಂಡು ಬಂದ. ಹತ್ತಿ ಕಚ್ಚಿಕೊಂಡೇ ಅವಳು ನನ್ನೆದುರು ನಿಂತಳು.

"ನಾನು ಕೈ ಎತ್ತಿದೆ ಅಜ್ಜ. ಪಪ್ಪ ಹಿಡ್ಕೊಂಡ್ರು."

"ಇಲ್ಲದಿದ್ರೆ ಕೆಲಸ ಆಗ್ತಿರ್ಲಿಲ್ಲ" ಎಂದ ಮಗ, ಅವಳಿಗೆ ತಂದ ಐಸ್‌ಕ್ರೀಮಿನ ಮುಚ್ಚಳ ತೆಗೆಯುತ್ತ.

ರಜೆ ಮುಗಿಸಿ ಅವನು ಹೋದ. ಖಾಲಿ ಜಾಗ ಮುಚ್ಚಿಹೋಗದಂತೆ ಒಂದು ತಂತಿ ಕೂರಿಸಬಹುದು ಎಂದು ಉರ್ವದ ವೈದ್ಯೆ ಹೇಳಿದ್ದರಿಂದ ಮೊಮ್ಮಗಳನ್ನು ಮತ್ತೆ ಕರೆದೊಯ್ದೆ. ಕುರ್ಚಿಯಲ್ಲಿ ಕೂತಳು, ಬಾಯಿ ತೆರೆಯಲಿಲ್ಲ. "ನೋವಾದ್ರೆ..." ಎಂದು ಶುರು ಮಾಡಿದೆ. ನನ್ನ ಮುಖವನ್ನೇ ನೋಡುತ್ತ ಎರಡೂ ಕೈಗಳನ್ನು ತೊಡೆಯಡಿಗೆ ಸೇರಿಸಿಕೊಂಡಳು. ಮತ್ತೊಮ್ಮೆ ಹೋದಾಗಲೂ ಅಷ್ಟೇ. ಒತ್ತಾಯ ಬೇಡ ಎಂದರು ವೈದ್ಯೆ. ಪಕ್ಕದ ಹಲ್ಲು ಈಗ ವಾಲತೊಡಗಿದೆ.

ಮೊನ್ನೆ ಮಗ ವೀಡಿಯೊ ಕಾಲ್ ಮಾಡಿದ.

"ಈಗ ನೋವು ಗೀವು ಎಂತದ್ದೂ ಇಲ್ಲ ಅಲ್ವಾ ಅಪ್ಪ? ನಾನು ಆಗ್ಲೇ ಹೇಳಿದ್ದೆ."

ಇಲ್ಲ ಎಂದೆ. ನೋವು ನಿಜಕ್ಕೂ ಇರಲಿಲ್ಲ. ಫೋನನ್ನು ಸೊಸೆಯ ಕೈಗೆ ಕೊಟ್ಟೆ.