ಕಾಲುವೆ ದಂಡೆಯ ಇಂಗ್ಲಿಷ್ ಕ್ಲಾಸು

1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ನಾನು ಯಲಬುರ್ಗಾ ತಾಲೂಕಿನಲ್ಲಿ ಇಂಗ್ಲಿಷ್ ಟೀಚರ್. ನನ್ನೂರು ಮಂಗಳೂರು. ಕಡಲಿನ ಮಂಗಳೂರಲ್ಲ, ಯಲಬುರ್ಗಾದ ಮಂಗಳೂರು. ಇದನ್ನು ಹೇಳಿ ಹೇಳಿ ನನ್ನ ಬಾಯಿ ಸೋತಿದೆ. ಕೆಲವು ವರ್ಷಗಳ ನಂತರ ಗಂಗಾವತಿ ತಾಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ವರ್ಗವಾಯಿತು. ಮಳೆ ನಂಬಿ ಬದುಕುವ ಎರೆಭೂಮಿಯವಳಾದ ನಾನು ಕಾಲುವೆ ತುಂಬ ಹರಿಯುವ ನೀರು ನೋಡಿ ಹಿಗ್ಗಿಹೋದೆ. ನೀರಿದ್ದಲ್ಲಿ ಜಗಳವೂ ಇರುತ್ತದೆಂದು ತಿಳಿಯಲು ಒಂದು ಬೇಸಿಗೆ ಸಾಕಾಯಿತು.

ಆ ವರ್ಷ ಕೊಪ್ಪಳದಲ್ಲಿ ನಮಗೊಂದು ತರಬೇತಿ ಇತ್ತು. ಭಾಷೆಯ ತರಗತಿಯೊಳಗೆ ‘ಗ್ಲೋಬಲ್ ಇಶ್ಯೂಸ್’ ತರಬೇಕು ಎಂದರು. ಅಂದರೆ ನೀರು, ಪರಿಸರ, ಹಸಿವು, ಯುದ್ಧ ಹೀಗೆ ಇಡೀ ಜಗತ್ತು ತಲೆ ಕೆಡಿಸಿಕೊಂಡ ವಿಷಯಗಳು. ಮಾತಾಡಲು ಸಂಗತಿಯಿದ್ದರೆ ಭಾಷೆ ತಾನೇ ಬರುತ್ತದೆಂಬ ವಾದ. ನನಗದು ಭಾಳ ಹಿಡಿಸಿತು. ‘ಮೈ ಕೌ’ ಪ್ರಬಂಧ ಬರೆಸಿ ಬರೆಸಿ ನನಗಷ್ಟೇ ಅಲ್ಲ, ಆಕಳಿಗೂ ಬೇಸರ ಬಂದಿರಬೇಕು.

ಹತ್ತನೆಯ ತರಗತಿಗೆ ನೀರಿನ ವಿಷಯ ಆರಿಸಿಕೊಂಡೆ. ಬೋರ್ಡಿನ ಮೇಲೆ ಒಂದು ನದಿ, ಅದರ ಮೇಲೊಂದು ದೇಶ, ಕೆಳಗೊಂದು ದೇಶ. ಮಕ್ಕಳು ಎರಡೂ ದೇಶಗಳ ಮಂತ್ರಿಗಳಾಗಿ ಇಂಗ್ಲಿಷಿನಲ್ಲಿ ಮಾತುಕತೆ ನಡೆಸಬೇಕು. ಇದಕ್ಕೆ ರೋಲ್ ಪ್ಲೇ ಎನ್ನುತ್ತಾರೆ. ಆದರೆ ಬೋರ್ಡಿನ ನದಿ ಹರಿಯುವ ಮೊದಲೇ ಊರ ಕಾಲುವೆಯಲ್ಲಿ ಬೆಂಕಿ ಬಿತ್ತು.

ನಮ್ಮ ಶಾಲೆ ಕಾಲುವೆಯ ಮೇಲ್ಭಾಗದ ಊರಲ್ಲಿತ್ತು. ಕೊನೆಯಂಚಿನ ಊರಿನ ಮಕ್ಕಳೂ ಇಲ್ಲಿಗೇ ಬರುತ್ತಿದ್ದರು. ಎರಡನೆಯ ಬೆಳೆಗೆ ನೀರನ್ನು ಪಾಳಿಯ ಮೇಲೆ ಬಿಡುತ್ತಾರೆ. ಕೆಳಗಿನವರ ಪಾಳಿಯಲ್ಲಿ ಮೇಲಿನವರು ಕಾಲುವೆಗೆ ಕಲ್ಲು, ಹುಲ್ಲಿನ ಪೆಂಡಿ ಅಡ್ಡ ಹಾಕಿ ನೀರು ಏರಿಸಿ, ತಮ್ಮ ಗದ್ದೆಗೆ ತಿರುಗಿಸಿಕೊಂಡರು. ಕೆಳಗಿನವರು ಬಡಿಗೆ ಹಿಡಿದು ಬಂದರು. ಮರುದಿನದಿಂದ ಕೆಳಗಿನ ಊರಿನ ಹುಡುಗಿಯರು ಶಾಲೆಗೆ ಬರಲಿಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಿತ್ತು.

ಅವರಲ್ಲಿ ಹುಲಿಗೆಮ್ಮ ಎಂಬವಳು ತರಗತಿಗೇ ಜಾಣೆ. ನಾನು ಅವಳ ಮನೆಗೆ ಹೋದೆ. ಅವಳ ಅಪ್ಪ ಹನುಮಪ್ಪ ಚಹಾ ಕೊಡಿಸಿ, ಖಡಾಖಂಡಿತವಾಗಿ ಹೇಳಿದ:

“ಆ ಊರಾಗ ನಮ್ಮ ಹುಡುಗ್ಯಾರಿಗಿ ಯಾರರ ಏನರ ಅಂದ್ರ ಯಾರು ಹೊಣಿ? ಸಾಲಿ ಸಾಕ್ರಿ. ಈ ಬ್ಯಾಸಿಗ್ಯಾಗ ಮದುವಿ ಮಾಡಿಬಿಡ್ತೀವಿ.”

ಬಾಗಿಲ ಹಿಂದೆ ನಿಂತಿದ್ದ ಹುಲಿಗೆಮ್ಮ ನನ್ನನ್ನೇ ನೋಡುತ್ತಿದ್ದಳು.

“ಸಾಲಿ ಊರಿಗಿ ಕಳಸಬ್ಯಾಡ್ರಿ,” ಎಂದೆ. “ನಡುವಿನ ಸೇತುವಿ ತನಕ ಕಳಸ್ರಿ. ಅಲ್ಲೇ ಪಾಠ ಮಾಡ್ತೀನಿ. ನೀವೂ ಬಂದು ಕುಂದರ್ರಿ.”

ಸೇತುವೆ ಯಾವ ಊರಿಗೂ ಸೇರಿದ್ದಲ್ಲ. ಹನುಮಪ್ಪ ಗೊಣಗುತ್ತಲೇ ಒಪ್ಪಿದ. ಇದನ್ನು ಕೇಳಿ ನಮ್ಮ ಹೆಡ್‌ಮಾಸ್ತರರಿಗೆ ಗಾಬರಿ.

“ಊರ ಉಸಾಬರಿ ನಮಗ್ಯಾಕ್ರಿ ಟೀಚರ್? ಪಾಠ ಮಾಡ್ರಿ, ಪಗಾರ ತಗೋರಿ.”

“ಪಾಠಾನ ಮಾಡ್ತೀನ್ರಿ ಸರ. ಗಾಳಿಗಿ ಕುಂತು ಮಾಡ್ತೀನಿ, ಅಷ್ಟ.”

ಮರುದಿನ ಸೇತುವೆಯ ಪಕ್ಕದ ಬೇವಿನ ನೆರಳಲ್ಲಿ ಮಕ್ಕಳು ಕುಳಿತರು. ಸುದ್ದಿ ಹಬ್ಬಿ ಎರಡೂ ಊರಿನ ಹಿರಿಯರು ಕಾಲುವೆಯ ಆ ದಂಡೆ, ಈ ದಂಡೆಯಲ್ಲಿ ಕುಳಿತರು. ಮುಖಗಳು ಮಾತ್ರ ಗಂಟು. ನಾನು ಪಾತ್ರಗಳನ್ನು ಅದಲುಬದಲು ಮಾಡಿದೆ. ಹುಲಿಗೆಮ್ಮ ಮೇಲಿನ ದೇಶದ ಮಂತ್ರಿ. ಮೇಲಿನ ಊರಿನ ಶರಣಪ್ಪನ ಮಗ ಈರಣ್ಣ ಕೆಳಗಿನ ದೇಶದ ಮಂತ್ರಿ. ಕಾಲುವೆಗೆ ಕಲ್ಲು ಹಾಕಿಸಿದವನು ಈ ಶರಣಪ್ಪನೇ ಎಂದು ಊರಿಗೆಲ್ಲ ಗೊತ್ತು. ನನ್ನದು ಒಂದೇ ಷರತ್ತು: ಮಂತ್ರಿಗಳು ಇಂಗ್ಲಿಷ್ ಬಿಟ್ಟು ಬೇರೆ ಮಾತಾಡುವಂತಿಲ್ಲ.

ಮಜಾ ಶುರುವಾದದ್ದು ಅಲ್ಲಿಂದ. ಇಂಗ್ಲಿಷಿನಲ್ಲಿ ಜಗಳವಾಡಲು ನಮ್ಮ ಮಕ್ಕಳಿಗೆ ಬರುತ್ತಿರಲಿಲ್ಲ. ಬೈಗುಳವೆಲ್ಲ ಕನ್ನಡದಲ್ಲಿತ್ತು, ಇಂಗ್ಲಿಷಿನಲ್ಲಿ ನಾನು ಕಲಿಸಿದ್ದು ಪ್ಲೀಸ್, ಸಾರಿ, ಥ್ಯಾಂಕ್ಯೂ.

“ಪ್ಲೀಸ್ ಗಿವ್ ವಾಟರ್,” ಎಂದ ಈರಣ್ಣ.

“ನೋ. ಮೈ ಪ್ಯಾಡಿ ಫಸ್ಟ್,” ಎಂದಳು ಹುಲಿಗೆಮ್ಮ, ಸೊಂಟದ ಮೇಲೆ ಕೈಯಿಟ್ಟು.

ಅವನು ನನ್ನ ಕಡೆ ತಿರುಗಿದ. “ಟೀಚರ್, ಗದ್ದಿ ಬಿರಕ ಬಿಟ್ಟೈತಿ ಅನ್ನಾಕ ಏನಂತಾರ್ರಿ?” ಹೇಳಿಕೊಟ್ಟೆ. ಹುಡುಗ ಕೈಮುಗಿದು, ಬೆವೆತು, ಮತ್ತೆ ಮತ್ತೆ ಪ್ಲೀಸ್ ಎಂದ. ಹುಲಿಗೆಮ್ಮ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಅವಳಿಗೆ ಆ ‘ನೋ’ ಭಾಳ ರುಚಿಸಿತ್ತು.

ದಂಡೆಯ ಮೇಲೆ ಶರಣಪ್ಪನಿಗೆ ತಡೆಯಲಾಗಲಿಲ್ಲ. ಎದ್ದು ನಿಂತು ಕೂಗಿದ:

“ಏ ತಂಗೀ, ಕೊಡವ್ವಾ ಒಂಚೂರು ನೀರ! ಹುಡುಗ ಎಷ್ಟು ಬೇಡ್ಕೊಳ್ಳಾಕ ಹತ್ಯಾನ, ನಿನಗ ಕರುಣಾನ ಇಲ್ಲೇನು?”

ಎದುರು ದಂಡೆಯಲ್ಲಿ ಹನುಮಪ್ಪ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಎರಡೂ ದಂಡೆಯವರು ನಕ್ಕರು. ತಾನು ಏನೆಂದೆನೆಂದು ತಿಳಿದು ಶರಣಪ್ಪನ ಮುಖ ಕೆಂಪಾಯಿತು. ಕಡೆಗೆ ಅವನಿಗೂ ನಗು ತಡೆಯದಾಯಿತು.

“ಅಂಜಬ್ಯಾಡ ಹನುಮಪ್ಪ, ಹುಡುಗ್ಯಾರ್ನ ಸಾಲಿಗಿ ಕಳಸು,” ಎಂದ ನಗು ನಿಂತ ಮೇಲೆ. “ಜಗಳ ಮಾಡಾಕ ನಾವದೀವಿ. ಅವರ ಮೈಗಿ ಯಾರರ ಬಂದ್ರ ನನ್ನ ಕೇಳು.”

ಮರುದಿನ ಹುಡುಗಿಯರು ಶಾಲೆಗೆ ಬಂದರು. ನನಗಾದ ಸಂತೋಷವನ್ನು ಯಾವ ಭಾಷೆಯಲ್ಲಿ ಹೇಳಲಿ! ಪರೀಕ್ಷೆಯ ದಿನ ಶರಣಪ್ಪನ ಟ್ರ್ಯಾಕ್ಟರಿನಲ್ಲೇ ಎರಡೂ ಊರಿನ ಮಕ್ಕಳು ಕೇಂದ್ರಕ್ಕೆ ಹೋದರು. ನೀರಿನ ಜಗಳ ಅಲ್ಲಿಗೆ ಮುಗಿಯಿತೇ ಎಂದು ಕೇಳುವವರಿದ್ದಾರೆ. ಎಲ್ಲಿ ಮುಗಿಯುತ್ತದ್ರಿ? ಮುಂದಿನ ಬೇಸಿಗೆಗೆ ಮತ್ತೆ ಕಲ್ಲು ಬಿದ್ದವು. ಆದರೆ ಜಗಳದ ಹೆಸರಿನಲ್ಲಿ ಹುಡುಗಿಯರನ್ನು ಮನೆಯಲ್ಲಿ ಕೂರಿಸುವುದು ನಿಂತಿತು.

ಜಗತ್ತಿನ ಸಮಸ್ಯೆ ಬಿಡಿಸುವ ಶಕ್ತಿ ಭಾಷೆಯ ಟೀಚರಿಗಿಲ್ಲ. ಆ ಕಡೆಯವರ ಮಾತನ್ನು ಒಮ್ಮೆ ಈ ಕಡೆಯ ಮಗುವಿನ ಬಾಯಲ್ಲಿ ಆಡಿಸಬಹುದು. ನನ್ನ ವೃತ್ತಿ ಕಲಿಸಿದ್ದು ಇಷ್ಟೇ. ಫಲಿತಾಂಶ ಬಂದ ಮೇಲೆ ಹನುಮಪ್ಪ ಪೇಡೆಯ ಪೊಟ್ಟಣ ಹಿಡಿದು ಬಂದ. “ಮದುವಿ ಸಿಹಿ ಏನ್ರಿ?” ಎಂದು ಅಂಜುತ್ತಲೇ ಕೇಳಿದೆ.

“ಎಲ್ಲೀ ಮದುವಿ ಟೀಚರ್ರಿ?” ಎಂದ. “ಗಂಗಾವತಿ ಕಾಲೇಜಿಗಿ ಹೊಂಟಾಳ. ಬ್ಯಾಡವ್ವಾ ಅಂದ್ರ ನನಗ ‘ನೋ’ ಅಂತಾಳ್ರಿ.”